8 ಜಿಬಿ ಸರ್ವರ್, 14 ಗಾಡಿ, 120 ಮನೆ: ದಾರಿ ಹುಡುಕುವ ತಂತ್ರಾಂಶದಲ್ಲಿ ವೇಗ, ಮೆಮೊರಿ, ನಮ್ಯತೆ

ಯಶವಂತಪುರದವ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಗೆಳೆಯರು ಸೇರಿ ಯಶವಂತಪುರದ ಎಪಿಎಂಸಿ ಯಾರ್ಡ್ ಬಳಿಯ ಗೋದಾಮಿನಿಂದ ದಿನಸಿ, ಈರುಳ್ಳಿ, ಆಲೂಗಡ್ಡೆಗಳನ್ನು ನಗರದ ಮನೆಗಳಿಗೆ ತಲುಪಿಸುತ್ತೇವೆ. 9 ಸಣ್ಣ ಗೂಡ್ಸ್ ಗಾಡಿಗಳು, 5 ದ್ವಿಚಕ್ರ ವಾಹನಗಳು, ದಿನಕ್ಕೆ ಸುಮಾರು 120 ನಿಲುಗಡೆಗಳು. ಯಾವ ಗಾಡಿ ಯಾವ ಮನೆಗಳಿಗೆ, ಯಾವ ಕ್ರಮದಲ್ಲಿ ಹೋಗಬೇಕೆಂಬ ಲೆಕ್ಕವನ್ನು ನಸುಕಿನ 3 ಗಂಟೆಗೆ ಒಮ್ಮೆ ಮಾಡುತ್ತೇವೆ. ಹಗಲಿನಲ್ಲಿ ಎಲ್ಲಾದರೂ ರಸ್ತೆ ಅಗೆದಿದ್ದರೆ ಅಥವಾ ಮಳೆಗೆ ಅಂಡರ್‌ಪಾಸ್ ಮುಚ್ಚಿದ್ದರೆ ಚಾಲಕರು ಫೋನ್ ಮಾಡುತ್ತಾರೆ. ಆಗ ಅವರಿಗೆ ಬೇರೆ ದಾರಿ ಹುಡುಕಿಕೊಡಬೇಕು.

ಇದುವರೆಗೆ ಹಣ ಕೊಟ್ಟು ಬಳಸುತ್ತಿದ್ದ ಒಂದು ಸೇವೆಯನ್ನು ಬಿಟ್ಟು, ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ಬರೆದ ಮುಕ್ತ ನಕ್ಷೆ) ದತ್ತಾಂಶ ಮತ್ತು ಓಪನ್ ಸೋರ್ಸ್ ತಂತ್ರಾಂಶಗಳಿಗೆ ಬರಬೇಕೆಂದು ತೀರ್ಮಾನಿಸಿದ್ದೇವೆ. ಅತ್ಯಂತ ವೇಗವಾದದ್ದು ಎಂದು ಎಲ್ಲರೂ ಹೇಳುವ ಓಎಸ್‌ಆರ್‌ಎಂ ಎಂಬ ದಾರಿ ಹುಡುಕುವ ತಂತ್ರಾಂಶವನ್ನು ತೆಗೆದುಕೊಂಡು, ಇಡೀ ಭಾರತದ ನಕ್ಷೆಯನ್ನು ನಮ್ಮ 8 ಜಿಬಿ ರ್‍ಯಾಮ್‌ನ ಬಾಡಿಗೆ ಸರ್ವರ್‌ಗೆ ಉಣಿಸಿದೆ. ದಾರಿ ಹುಡುಕುವ ಮೊದಲು ನಕ್ಷೆಯನ್ನು ಸಂಸ್ಕರಿಸುವ ಪೂರ್ವಸಿದ್ಧತೆಯ ಹಂತದಲ್ಲೇ ಮೆಮೊರಿ ತುಂಬಿ, ಆಪರೇಟಿಂಗ್ ಸಿಸ್ಟಂ ಆ ಪ್ರಕ್ರಿಯೆಯನ್ನು ಕೊಂದುಹಾಕಿತು. ಮೂರು ಬಾರಿ ಹೀಗೇ ಆಯಿತು. ದೊಡ್ಡ ಸರ್ವರ್ ಬಾಡಿಗೆಗೆ ಪಡೆಯಬೇಕೇ, ಇಂಥದೇ ಬೇರೆ ತಂತ್ರಾಂಶಗಳಾದ ಗ್ರಾಫ್‌ಹಾಪರ್ ಅಥವಾ ವಲ್‌ಹಲ್ಲಾಕ್ಕೆ ಹೋಗಬೇಕೇ? ಮೂರರ ನಡುವಿನ ವ್ಯತ್ಯಾಸವನ್ನು ನಮ್ಮ ಊರಿನ ಲೆಕ್ಕದಲ್ಲಿ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಹಳೇಭೂಪಟ

ಸರ್ವರ್ ದೊಡ್ಡದು ಮಾಡುವ ಮೊದಲು ನಕ್ಷೆಯನ್ನು ಚಿಕ್ಕದು ಮಾಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಈ ವಿಷಯಕ್ಕೆಂದೇ ಹುಟ್ಟಿದಂತಿದೆ. ನಿಮ್ಮ ಗಾಡಿಗಳು ಹುಬ್ಬಳ್ಳಿಗೇ ಹೋಗುವುದಿಲ್ಲ, ಲಖನೌದ ಗಲ್ಲಿಗಳನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಏನು ಮಾಡುತ್ತೀರಿ? ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನು ಪ್ರದೇಶವಾರು ಕೊಡುವ ಜಿಯೋಫ್ಯಾಬ್ರಿಕ್ ತಾಣದಲ್ಲಿ ದಕ್ಷಿಣ ವಲಯದ ಕಡತ ಬೇರೆಯಾಗಿಯೇ ಸಿಗುತ್ತದೆ. ಅದನ್ನು ಇಳಿಸಿಕೊಂಡು, ಆಸ್ಮಿಯಮ್ ಉಪಕರಣದಿಂದ ಬಿಡದಿ, ದೇವನಹಳ್ಳಿ, ಹೊಸಕೋಟೆ, ಆನೇಕಲ್, ನೆಲಮಂಗಲಗಳನ್ನು ಒಳಗೊಳ್ಳುವ ಒಂದು ಆಯತವನ್ನು ಕತ್ತರಿಸಿ. ಗಾಡಿ ಹೋಗುವ ಕೊನೆಯ ಮನೆಯ ಆಚೆಗೂ ಹತ್ತು ಹದಿನೈದು ಕಿಲೋಮೀಟರ್ ಅಂಚು ಬಿಡುವುದನ್ನು ಮರೆಯಬೇಡಿ. ಕೆಲವೊಮ್ಮೆ ಒಳ್ಳೆಯ ದಾರಿ ಗಡಿಯಾಚೆ ಹೋಗಿ ಮತ್ತೆ ಒಳಗೆ ಬರುತ್ತದೆ, ಅಂಚು ಬಿಗಿಯಾಗಿದ್ದರೆ ತಂತ್ರಾಂಶಕ್ಕೆ ಆ ದಾರಿ ಕಾಣುವುದೇ ಇಲ್ಲ.

ಮೆಮೊರಿ ಎಲ್ಲಿ ಹೋಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅನೇಕರು ರಸ್ತೆಗಳ ಸಂಖ್ಯೆಯನ್ನು ಮಾತ್ರ ಎಣಿಸುತ್ತಾರೆ. ನಾಲ್ಕು ದ್ವಿಮುಖ ರಸ್ತೆಗಳು ಕೂಡುವ ಒಂದು ವೃತ್ತವನ್ನು ತೆಗೆದುಕೊಳ್ಳಿ. ಸರಳ ಗ್ರಾಫ್‌ನಲ್ಲಿ (ಬಿಂದುಗಳನ್ನು ಕೊಂಡಿಗಳಿಂದ ಜೋಡಿಸಿದ ಜಾಲದಲ್ಲಿ) ಅದು ಒಂದೇ ಬಿಂದು. ಆದರೆ ‘ಇಲ್ಲಿ ಬಲಕ್ಕೆ ತಿರುಗುವಂತಿಲ್ಲ’, ‘ಇಲ್ಲಿ ಯೂ-ಟರ್ನ್ ಇಲ್ಲ’ ಎಂಬುದನ್ನು ನೆನಪಿಡಬೇಕಾದರೆ ಒಳಬರುವ ನಾಲ್ಕು ಮತ್ತು ಹೊರಹೋಗುವ ನಾಲ್ಕು ದಿಕ್ಕುಗಳ ನಡುವಿನ 16 ತಿರುವುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಓಎಸ್‌ಆರ್‌ಎಂ ರಸ್ತೆಯ ತುಂಡುಗಳನ್ನೇ ಬಿಂದುಗಳೆಂದೂ ತಿರುವುಗಳನ್ನೇ ಕೊಂಡಿಗಳೆಂದೂ ಬಗೆದು ಗ್ರಾಫ್ ಕಟ್ಟುತ್ತದೆ. ಅದರ ಮೇಲೆ ಶಾರ್ಟ್‌ಕಟ್‌ಗಳೂ, ಅಂದರೆ ಹಲವು ತುಂಡುಗಳನ್ನು ಒಂದಾಗಿಸಿ ಮೊದಲೇ ಲೆಕ್ಕ ಮಾಡಿಟ್ಟ ಕೊಂಡಿಗಳೂ ಸೇರುತ್ತವೆ. ಬಲ ತಿರುವಿಲ್ಲದ ವೃತ್ತಗಳೇ ಹೆಚ್ಚಿರುವ ಈ ಊರಿನಲ್ಲಿ ತಿರುವುಗಳನ್ನು ಕೈಬಿಟ್ಟು ಮೆಮೊರಿ ಉಳಿಸಿದರೆ ಬರುವ ಉತ್ತರ ಉಪಯೋಗಕ್ಕೆ ಬಾರದು. ಆದ್ದರಿಂದ ಅಲ್ಲಿ ಜಿಪುಣತನ ಬೇಡ, ನಕ್ಷೆಯ ವಿಸ್ತಾರದಲ್ಲಿ ಜಿಪುಣತನ ಮಾಡಿ.

ದಾರಿಹೋಕ

ಹಿಂದಿನವರು ಹೇಳಿದ್ದನ್ನು ಮಾಡಿದರೆ ನಿಮ್ಮ ಮೆಮೊರಿಯ ಸಮಸ್ಯೆ ಬಹುಮಟ್ಟಿಗೆ ಮುಗಿಯಿತು. ಉಳಿಯುವುದು ವೇಗ ಮತ್ತು ನಮ್ಯತೆಯ ನಡುವಿನ ಜಗಳ. ಅದು ತಂತ್ರಾಂಶಗಳ ನಡುವಿನ ಜಗಳ ಎನ್ನುವುದಕ್ಕಿಂತ ಒಂದು ಜೂಜು ಎನ್ನುವುದು ಸರಿ. ಮೊದಲೇ ಲೆಕ್ಕ ಮಾಡಿ ಇಟ್ಟುಕೊಳ್ಳುವ ಪ್ರತಿಯೊಂದು ಸಂಗತಿಯೂ ‘ಇದು ಬದಲಾಗುವುದಿಲ್ಲ’ ಎಂಬುದರ ಮೇಲೆ ಕಟ್ಟಿದ ಪಣ.

ಡಚ್ ಗಣಕ ವಿಜ್ಞಾನಿ ಡೈಕ್‌ಸ್ಟ್ರಾ ಅತಿ ಚಿಕ್ಕ ದಾರಿ ಹುಡುಕುವ ತಮ್ಮ ವಿಧಾನವನ್ನು 1956ರಲ್ಲಿ ಆಮ್‌ಸ್ಟರ್‌ಡ್ಯಾಂನ ಒಂದು ಕಾಫಿ ಅಂಗಡಿಯಲ್ಲಿ ಕುಳಿತು, ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಯೋಚಿಸಿದರಂತೆ. ಅದು ಅಚ್ಚಾದದ್ದು 1959ರಲ್ಲಿ. ಆ ವಿಧಾನ ಯಾವ ಪಣವನ್ನೂ ಕಟ್ಟುವುದಿಲ್ಲ. ಪ್ರತಿ ಸಲವೂ ಹೊಸದಾಗಿ, ಕೊಳಕ್ಕೆ ಕಲ್ಲೆಸೆದಾಗ ಅಲೆ ಹರಡುವಂತೆ ಹುಡುಕುತ್ತದೆ. ಈ ಕ್ಷಣದ ಯಾವ ಬದಲಾವಣೆಯನ್ನಾದರೂ ಒಪ್ಪಿಕೊಳ್ಳುತ್ತದೆ, ಆದರೆ ಖಂಡದಷ್ಟು ದೊಡ್ಡ ನಕ್ಷೆಯಲ್ಲಿ ಒಂದು ಉತ್ತರಕ್ಕೆ ಸೆಕೆಂಡುಗಟ್ಟಲೆ ತೆಗೆದುಕೊಳ್ಳುತ್ತದೆ. ಇದರ ಇನ್ನೊಂದು ತುದಿಯಲ್ಲಿರುವುದು 2008ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಯೆಯ ಸಂಶೋಧಕರು ಪ್ರಕಟಿಸಿದ ಕಾಂಟ್ರಾಕ್ಷನ್ ಹೈರಾರ್ಕೀಸ್. ಕಡಿಮೆ ಮಹತ್ವದ ಕೂಡುದಾರಿಗಳನ್ನು ಒಂದೊಂದಾಗಿ ಕಿತ್ತು, ಅವುಗಳ ಮೂಲಕ ಹಾಯುತ್ತಿದ್ದ ಅತ್ಯುತ್ತಮ ದಾರಿ ತಪ್ಪಿಹೋಗದಂತೆ ಶಾರ್ಟ್‌ಕಟ್ ಜೋಡಿಸುತ್ತ ಹೋಗುವ ವಿಧಾನ ಅದು. ಸುಮಾರು 1.8 ಕೋಟಿ ಬಿಂದುಗಳ ಪಶ್ಚಿಮ ಯುರೋಪಿನ ನಕ್ಷೆಯಲ್ಲಿ ಉತ್ತರ ಒಂದು ಮಿಲಿಸೆಕೆಂಡಿನೊಳಗೆ ಬರುತ್ತದೆ. ಆದರೆ ಆ ಶಾರ್ಟ್‌ಕಟ್‌ಗಳಲ್ಲಿ ರಸ್ತೆಗಳ ವೇಗ ಹುದುಗಿಹೋಗಿರುತ್ತದೆ. ಒಂದು ಫ್ಲೈಓವರ್ ಮುಚ್ಚಿದರೆ ಯಾವ ಶಾರ್ಟ್‌ಕಟ್ ಸುಳ್ಳಾಯಿತು ಎಂದು ಬಿಡಿಸಿ ನೋಡುವುದಕ್ಕಿಂತ ಎಲ್ಲವನ್ನೂ ಮತ್ತೆ ಕಟ್ಟುವುದೇ ಸುಲಭವಾಗುತ್ತದೆ.

ನಡುವಿನ ದಾರಿಗಳೇ ನನಗೆ ಹೆಚ್ಚು ಕುತೂಹಲಕರ. ಮೈಕ್ರೋಸಾಫ್ಟ್‌ನ ಸಂಶೋಧಕರು 2011ರಲ್ಲಿ ಬೇರೆ ರೀತಿಯ ಪಣ ಕಟ್ಟಿದರು: ರಸ್ತೆಗಳ ಜೋಡಣೆ ಅಪರೂಪಕ್ಕೆ ಬದಲಾಗುತ್ತದೆ, ಅವುಗಳ ವೇಗ ಆಗಾಗ ಬದಲಾಗುತ್ತದೆ; ಹಾಗಾದರೆ ಎರಡನ್ನೂ ಬೇರೆ ಬೇರೆ ಲೆಕ್ಕ ಮಾಡೋಣ ಎಂದು. ಓಎಸ್‌ಆರ್‌ಎಂನಲ್ಲಿರುವ ಎಂಎಲ್‌ಡಿ ಎಂಬ ಎರಡನೆಯ ವಿಧಾನ ಈ ವಿಚಾರದ ಸಂತತಿ. ಮೊದಲು ನಕ್ಷೆಯನ್ನು ಕೋಶಗಳಾಗಿ ಹಂಚುತ್ತದೆ, ಇದು ನಿಧಾನದ ಕೆಲಸ. ಆಮೇಲೆ ಪ್ರತಿ ಕೋಶದ ಗಡಿಯಿಂದ ಗಡಿಗೆ ಎಷ್ಟು ಹೊತ್ತು ಎಂದು ತುಂಬುತ್ತದೆ, ಇದು ಬೇಗ ಮುಗಿಯುತ್ತದೆ. ವೇಗ ಬದಲಾದರೆ ಎರಡನೆಯ ಹಂತ ಮಾತ್ರ ಮತ್ತೆ ಓಡಿಸಿದರೆ ಸಾಕು. ಪ್ರಶ್ನೆಯೊಂದಕ್ಕೆ ತಗಲುವ ಸಮಯ ಕಾಂಟ್ರಾಕ್ಷನ್ ಹೈರಾರ್ಕೀಸ್‌ಗಿಂತ ಹೆಚ್ಚು, ಆದರೂ ನಮಗೆ ಗೊತ್ತಾಗುವಷ್ಟಲ್ಲ. ರಸ್ತೆ ಮುಚ್ಚುವುದನ್ನು ಜೋಡಣೆಯ ಬದಲಾವಣೆ ಎಂದು ನೋಡಬೇಕಾಗಿಲ್ಲ ಎಂಬುದು ಇಲ್ಲಿನ ಸೊಗಸು. ಒಂದು ಸಿಎಸ್‌ವಿ (ಸರಳ ಪಟ್ಟಿ) ಕಡತದಲ್ಲಿ ಆ ತುಂಡಿನ ವೇಗವನ್ನು ಸೊನ್ನೆ ಎಂದು ಬರೆದರೆ ಅದು ಮುಚ್ಚಿದಂತೆ. ಹೊಸ ರಸ್ತೆ ತೆರೆದರೆ ಮಾತ್ರ ಮೊದಲಿನಿಂದ ಹಂಚಬೇಕು. ನಮ್ಮೂರಿನಲ್ಲಿ ಮುಚ್ಚುವ ರಸ್ತೆಗಳಿಗೆ ಹೋಲಿಸಿದರೆ ತೆರೆಯುವ ರಸ್ತೆಗಳು ಎಷ್ಟು ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಗ್ರಾಫ್‌ಹಾಪರ್‌ನ ನಡುವಿನ ದಾರಿ ಲ್ಯಾಂಡ್‌ಮಾರ್ಕ್ ವಿಧಾನ. ಕೆಲವು ಗುರುತಿನ ಬಿಂದುಗಳಿಂದ ಎಲ್ಲ ಕಡೆಗೂ ಇರುವ ದೂರವನ್ನು ಮೊದಲೇ ಬರೆದಿಟ್ಟುಕೊಂಡು, ‘ಗುರಿ ಇನ್ನು ಕನಿಷ್ಠ ಇಷ್ಟು ದೂರವಿದೆ’ ಎಂದು ಅಂದಾಜು ಮಾಡುತ್ತ ಹುಡುಕಾಟಕ್ಕೆ ದಿಕ್ಕು ಕೊಡುತ್ತದೆ. ಇದಕ್ಕೊಂದು ಷರತ್ತಿದೆ: ಆಮೇಲಿನ ಬದಲಾವಣೆಗಳು ರಸ್ತೆಯನ್ನು ನಿಧಾನ ಮಾಡಬಹುದು, ವೇಗ ಮಾಡುವಂತಿಲ್ಲ. ರಸ್ತೆ ವೇಗವಾದರೆ ಮೊದಲು ಬರೆದಿಟ್ಟ ‘ಕನಿಷ್ಠ’ ಎಂಬ ಮಾತು ಸುಳ್ಳಾಗುತ್ತದೆ. ಬೇರೆ ಊರಿನವರಿಗೆ ಇದೊಂದು ಮಿತಿಯಾಗಿ ಕಾಣಬಹುದು. ಖಾಲಿ ರಸ್ತೆಯ ವೇಗದಲ್ಲಿ ಒಮ್ಮೆ ಸಿದ್ಧಪಡಿಸಿಟ್ಟರೆ ಬೆಂಗಳೂರಿನಲ್ಲಿ ಆ ಷರತ್ತು ಮುರಿಯುವ ಪ್ರಸಂಗವೇ ಬರುವುದಿಲ್ಲ.

ಗಾಂಧಿಬಜಾರ್

ಎಲ್ಲ ಸರಿ, ಆದರೆ ಪ್ರಶ್ನೆ ಕೇಳಿದವರಿಗೆ ನಿಜವಾಗಿ ವೇಗ ಬೇಕೇ ಎಂದು ಯಾರೂ ಕೇಳಲಿಲ್ಲ. 120 ನಿಲುಗಡೆಗಳೆಂದರೆ ಪ್ರತಿ ಮನೆಯಿಂದ ಪ್ರತಿ ಮನೆಗೆ ಎಷ್ಟು ದೂರ ಎಂದು ತುಂಬುವ ಕೋಷ್ಟಕದಲ್ಲಿ 14,400 ಜೋಡಿಗಳು, ನೋಡಿದರೆ ಹೆದರಿಕೆಯಾಗುತ್ತದೆ. ಆದರೆ ಡೈಕ್‌ಸ್ಟ್ರಾ ವಿಧಾನ ಒಂದು ಮನೆಯಿಂದ ಹೊರಟರೆ ಉಳಿದ ಎಲ್ಲ ಮನೆಗಳ ದೂರವನ್ನೂ ಒಂದೇ ಓಟದಲ್ಲಿ ಹೇಳುತ್ತದೆ. ಆದ್ದರಿಂದ ಬೇಕಾಗುವುದು 120 ಹುಡುಕಾಟಗಳು, ಅದೂ ಒಂದು ನಗರದಷ್ಟು ನಕ್ಷೆಯಲ್ಲಿ, ನಸುಕಿನ 3 ಗಂಟೆಗೆ, ಯಾರೂ ಪರದೆಯ ಮುಂದೆ ಕಾಯದಿರುವಾಗ. ಹಗಲಿನಲ್ಲಿ ಚಾಲಕ ಫೋನ್ ಮಾಡಿದಾಗ ಬೇಕಾಗುವುದು ಒಂದೇ ಒಂದು ದಾರಿ. ವೇಗ ಬೇಕೆಂದುಕೊಂಡ ಹೊತ್ತಿನಲ್ಲಿ ಯಾರಿಗೂ ಅವಸರವಿಲ್ಲ, ಅವಸರವಿರುವ ಹೊತ್ತಿನಲ್ಲಿ ಕೆಲಸವೇ ಚಿಕ್ಕದು.

ದಾರಿಹೋಕ

ಒಪ್ಪುತ್ತೇನೆ, ನಾನು ಪಾಠ ಹೇಳುವ ಹುಮ್ಮಸ್ಸಿನಲ್ಲಿ ಪ್ರಶ್ನೆಯನ್ನೇ ಮರೆತೆ. ಹಾಗಾದರೆ ರಾತ್ರಿಯ ಕೋಷ್ಟಕಕ್ಕೆ ಓಎಸ್‌ಆರ್‌ಎಂ, ಹಗಲಿನ ಬದಲಿ ದಾರಿಗೆ ವಲ್‌ಹಲ್ಲಾ ಎಂದು ಎರಡನ್ನೂ ಇಟ್ಟುಕೊಳ್ಳಬಹುದಲ್ಲವೇ? ದೊಡ್ಡ ಕೋಷ್ಟಕಗಳಿಗೆ ಕಾಂಟ್ರಾಕ್ಷನ್ ಹೈರಾರ್ಕೀಸ್ ಇಂದಿಗೂ ಹೆಚ್ಚು ಸೂಕ್ತ ಎಂದು ಓಎಸ್‌ಆರ್‌ಎಂನವರೇ ಹೇಳುತ್ತಾರೆ.

ಗಾಂಧಿಬಜಾರ್

ಬೇಡ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಹೀಗೆಯೇ ಎರಡು ಎಂಜಿನ್ (ದಾರಿ ಹುಡುಕುವ ತಂತ್ರಾಂಶ) ಇಟ್ಟಿದ್ದೆವು. ಕ್ರಮ ಹಾಕುವ ಎಂಜಿನ್ ಪ್ರಕಾರ ಜಯನಗರದ ಕೊನೆಯ ಮನೆಗೆ 40 ನಿಮಿಷ, ಚಾಲಕನ ಕೈಯಲ್ಲಿರುವ ಎಂಜಿನ್ ಪ್ರಕಾರ 55 ನಿಮಿಷ. ಎರಡಕ್ಕೂ ತಮ್ಮದೇ ಆದ ವೇಗದ ಊಹೆಗಳಿದ್ದವು. ಗ್ರಾಹಕರಿಗೆ ಯಾವ ಸಮಯ ಹೇಳಬೇಕು ಎಂಬ ವಾದದಲ್ಲೇ ವಾರಗಳು ಕಳೆದವು. ಅದರ ಜೊತೆಗೆ ಎರಡು ನಕ್ಷೆಗಳನ್ನು ಒಂದೇ ದಿನ ನವೀಕರಿಸಬೇಕು. ಒಂದರಲ್ಲಿ ಏಕಮುಖವಾದ ರಸ್ತೆ ಇನ್ನೊಂದರಲ್ಲಿ ದ್ವಿಮುಖವಾಗಿ ಉಳಿದ ದಿನಗಳೂ ಇದ್ದವು. ನಿರ್ವಹಣೆಗೆ ಒಬ್ಬರೇ ಇರುವ ಕಡೆ ಎಂಜಿನ್ ಒಂದೇ ಇರಲಿ.

ಯಶವಂತಪುರದವ

ಎಲ್ಲರಿಗೂ ಧನ್ಯವಾದಗಳು. ನಿರ್ವಹಣೆಗೆ ನಾನೊಬ್ಬನೇ, ಅದೂ ಭಾನುವಾರಗಳಲ್ಲಿ ಮಾತ್ರ. ನಕ್ಷೆ ಕತ್ತರಿಸಿದೆ, ಓಎಸ್‌ಆರ್‌ಎಂ ಅದೇ 8 ಜಿಬಿಯಲ್ಲಿ ಆರಾಮವಾಗಿ ಏಳುತ್ತದೆ. ಆದರೆ ಹೊಸ ತೊಡಕು ಬಂದಿದೆ. ಓಎಸ್‌ಆರ್‌ಎಂನಲ್ಲಿ ಒಂದು ಸಿದ್ಧಪಡಿಸಿದ ನಕ್ಷೆಗೆ ಒಂದೇ ವಾಹನದ ಪ್ರೊಫೈಲ್, ಅಂದರೆ ಆ ವಾಹನದ ವೇಗ, ನಿಯಮಗಳ ಪಟ್ಟಿ. ಗೂಡ್ಸ್ ಗಾಡಿಗೆ ಒಂದು, ಬೈಕಿಗೆ ಒಂದು ಎಂದು ಎರಡು ಸಲ ಸಿದ್ಧಪಡಿಸಿ ಎರಡು ಪ್ರಕ್ರಿಯೆಗಳನ್ನು ಓಡಿಸಬೇಕಾಗಿದೆ. ಈಗ ಇದಕ್ಕೆ ಜಾಗವಿದೆ, ಮುಂದೆ ವಿದ್ಯುತ್ ಆಟೊ ಸೇರಿದರೆ ಮೂರಾಗುತ್ತದೆ.

ನೆಲಮಂಗಲ ರಸ್ತೆ

ವಾಹನಗಳ ವಿಷಯ ಎತ್ತಿದ್ದು ಒಳ್ಳೆಯದಾಯಿತು, ಏಕೆಂದರೆ ಬೆಂಗಳೂರಿನಲ್ಲಿ ನಮ್ಯತೆ ಎಂದರೆ ಮೊದಲಿಗೆ ಇದೇ. ಪೀಣ್ಯದ ಮೇಲ್ಸೇತುವೆಯನ್ನೇ ನೋಡಿ. 2021ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ಮುಚ್ಚಿತು. 2022ರ ಫೆಬ್ರುವರಿಯಲ್ಲಿ ಲಘು ವಾಹನಗಳಿಗೆ ಮಾತ್ರ ತೆರೆಯಿತು. ಭಾರಿ ವಾಹನಗಳಿಗೆ ಅನುಮತಿ ಸಿಕ್ಕಿದ್ದು 2024ರ ಜುಲೈನಲ್ಲಿ, ಅದೂ ಶುಕ್ರವಾರ ಬೆಳಿಗ್ಗೆಯಿಂದ ಶನಿವಾರ ಬೆಳಿಗ್ಗೆಯವರೆಗೆ ಬಿಟ್ಟು. ನಕ್ಷೆಯಲ್ಲಿ ಸೇತುವೆ ಅಲ್ಲೇ ಇತ್ತು, ಅದು ಯಾರಿಗೆ ರಸ್ತೆ ಎಂಬುದು ಮಾತ್ರ ಬದಲಾಗುತ್ತಿತ್ತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಬಿಡದಿಯ ಕಡೆಗೆ ನಿಮ್ಮ ಬೈಕ್ ಹೋಗಬೇಕಾದರೆ ಸರ್ವಿಸ್ ರಸ್ತೆಯೇ ಗತಿ. ನೈಸ್ ರಸ್ತೆಯಲ್ಲಿ 2022ರ ಜನವರಿಯಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ದ್ವಿಚಕ್ರ ವಾಹನಗಳನ್ನು ನಿಷೇಧಿಸಲಾಯಿತು. ನೀವು ನಸುಕಿನಲ್ಲಿ ಹೊರಡುವವರು, ಇದು ನೇರವಾಗಿ ನಿಮಗೇ ತಾಗುವ ನಿಯಮ. ಊರಿಗೊಂದು ದಾರಿಯಾದರೆ ಬೈಕಿಗೊಂದು ದಾರಿ.

ಇಂಥ ಕಡೆ ವಲ್‌ಹಲ್ಲಾದ ರಚನೆ ಹೊಂದುತ್ತದೆ. ಮ್ಯಾಪ್‌ಝೆನ್ ಎಂಬ ಕಂಪನಿಯಲ್ಲಿ ಹುಟ್ಟಿದ ತಂತ್ರಾಂಶ ಅದು. ಕಂಪನಿ 2018ರ ಜನವರಿಯಲ್ಲಿ ಬಾಗಿಲು ಹಾಕಿತು, ತಂತ್ರಾಂಶ ಉಳಿಯಿತು. ಓಪನ್ ಸೋರ್ಸ್ ಆಗಿದ್ದರ ಲಾಭ ಎಂದರೆ ಇದು. ಅದು ನಕ್ಷೆಯನ್ನು ಮೂರು ಸ್ತರಗಳ ಚೌಕಗಳಾಗಿ ಒಡೆದು ಡಿಸ್ಕಿನಲ್ಲಿ ಇಡುತ್ತದೆ: ಹೆದ್ದಾರಿಗಳಿಗೆ 4 ಡಿಗ್ರಿಯ ಚೌಕಗಳು, ಪ್ರಮುಖ ರಸ್ತೆಗಳಿಗೆ 1 ಡಿಗ್ರಿಯವು, ಬೀದಿ ಗಲ್ಲಿಗಳಿಗೆ ಕಾಲು ಡಿಗ್ರಿಯವು. ಹುಡುಕಾಟ ಯಾವ ಚೌಕವನ್ನು ಮುಟ್ಟುತ್ತದೋ ಅದು ಮಾತ್ರ ಮೆಮೊರಿಗೆ ಬರುತ್ತದೆ. ಯಾವ ರಸ್ತೆಗೆ ಎಷ್ಟು ‘ಬೆಲೆ’, ಅಂದರೆ ಅಲ್ಲಿ ಹಾಯಲು ಎಷ್ಟು ಹೊತ್ತು, ಎಷ್ಟು ತೊಡಕು ಎಂಬುದನ್ನು ಮೊದಲೇ ಬೆರೆಸಿಡದೆ, ಪ್ರಶ್ನೆ ಬಂದಾಗ ಲೆಕ್ಕ ಮಾಡುತ್ತದೆ. ಹಾಗಾಗಿ ಸ್ಕೂಟರ್, ಟ್ರಕ್, ಕಾರು, ಸೈಕಲ್, ಕಾಲ್ನಡಿಗೆ ಎಲ್ಲಕ್ಕೂ ಒಂದೇ ದತ್ತಾಂಶ ಸಾಕು. ಇದಕ್ಕೆ ತೆರಬೇಕಾದ ಬೆಲೆ ಎಂದರೆ ದೂರದ ಊರುಗಳ ನಡುವಿನ ಪ್ರಶ್ನೆಗಳಲ್ಲಿ ಮತ್ತು ದೊಡ್ಡ ಕೋಷ್ಟಕಗಳಲ್ಲಿ ಓಎಸ್‌ಆರ್‌ಎಂನ ಹತ್ತಿರಕ್ಕೂ ಬಾರದ ವೇಗ. ಲಕ್ಷಾಂತರ ಜನ ಒಟ್ಟಿಗೆ ಪ್ರಶ್ನೆ ಕೇಳುವ ಸಾರ್ವಜನಿಕ ಸೇವೆ ನಡೆಸುವುದಾದರೆ ನಾನು ಇದನ್ನು ಸೂಚಿಸುತ್ತಿರಲಿಲ್ಲ. 14 ಗಾಡಿಗಳಿಗೆ ಧಾರಾಳವಾಗಿ ಸಾಕು.

ಎರಡು ಎಚ್ಚರಿಕೆಗಳಿವೆ. ಅದರ ಟ್ರಕ್ ವಿಧಾನ ಬೇರೇನೂ ಹೇಳದಿದ್ದರೆ ನಿಮ್ಮ ಗಾಡಿಯನ್ನು 4.11 ಮೀಟರ್ ಎತ್ತರದ, 21.77 ಟನ್ ತೂಕದ ಮಹಾ ಲಾರಿ ಎಂದು ಭಾವಿಸುತ್ತದೆ. ಸಣ್ಣ ಗೂಡ್ಸ್ ಗಾಡಿ ಸಲೀಸಾಗಿ ನುಸುಳುವ ರೈಲ್ವೆ ಕೆಳಸೇತುವೆಗಳಿಗೆ ನಕ್ಷೆಯಲ್ಲಿ ಎತ್ತರದ ಮಿತಿ ಬರೆದಿದ್ದರೆ, ಅಲ್ಲಿ ದಾರಿಯೇ ಇಲ್ಲ ಎಂದು ಊರೆಲ್ಲ ಸುತ್ತಿಸುತ್ತದೆ. ಪ್ರತಿ ಪ್ರಶ್ನೆಯ ಜೊತೆಗೂ ನಿಮ್ಮ ಗಾಡಿಯ ನಿಜವಾದ ಎತ್ತರ, ಅಗಲ, ತೂಕ ಕಳುಹಿಸಿ. ಎರಡನೆಯದು ಕೋಷ್ಟಕದ ಮಿತಿ: ವಲ್‌ಹಲ್ಲಾ ಮೂಲ ಸಂರಚನೆಯಲ್ಲಿ 2,500 ಜೋಡಿಗಳಿಗೆ ನಿಲ್ಲುತ್ತದೆ, ಎಂದರೆ 50 ನಿಲುಗಡೆ. ಓಎಸ್‌ಆರ್‌ಎಂಗೂ ಇಂಥದೇ 100 ನಿಲುಗಡೆಗಳ ಮಿತಿ ಇದೆ. ನಿಮ್ಮ 120 ಎರಡನ್ನೂ ದಾಟುತ್ತದೆ. ಇವು ಸಾರ್ವಜನಿಕ ಸರ್ವರ್‌ಗಳ ರಕ್ಷಣೆಗೆ ಇಟ್ಟ ಅಂಕಿಗಳು. ಸ್ವಂತ ಸರ್ವರ್‌ನಲ್ಲಿ ಏರಿಸಿಕೊಳ್ಳಬಹುದು.

ಹಳೇಭೂಪಟ

ಮುಚ್ಚಿದ ರಸ್ತೆಗಳ ಬಗ್ಗೆ ಒಂದು ಮಾತು. ವಲ್‌ಹಲ್ಲಾದಲ್ಲಿ ಪ್ರಶ್ನೆಯ ಜೊತೆಗೇ ‘ಈ ಬಹುಭುಜದೊಳಗೆ ಹೋಗಬೇಡ’ ಎಂದು ಹೇಳಬಹುದು. ಅಲ್ಲೂ ಮಿತಿ ಇದೆ, ಎಲ್ಲ ಬಹುಭುಜಗಳ ಸುತ್ತಳತೆ ಸೇರಿ 10 ಕಿಲೋಮೀಟರ್. ಮಳೆಗಾಲದ ಒಂದು ಸಂಜೆಗೆ ಅದು ಸಾಲದು ಎನಿಸಬಹುದು, ಆದರೆ ಮೆಟ್ರೊ ಕಾಮಗಾರಿಗಾಗಿ ತಿಂಗಳುಗಟ್ಟಲೆ ಮುಚ್ಚಿರುವ ರಸ್ತೆಯನ್ನು ಬಹುಭುಜಕ್ಕೆ ಹಾಕಬೇಡಿ, ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೇ ತಿದ್ದಿ. ನಿಮಗಷ್ಟೇ ಅಲ್ಲ, ಸೈಕಲ್ ಆ್ಯಪ್ ಬಳಸುವ ಯಾವನೋ ಒಬ್ಬನಿಗೂ ಉಪಯೋಗವಾಗುತ್ತದೆ. ಎರಡು ಗಂಟೆ ನೀರು ನಿಂತ ಅಂಡರ್‌ಪಾಸನ್ನು ಮಾತ್ರ ನಕ್ಷೆಯಲ್ಲಿ ಅಳಿಸಬೇಡಿ. ಒಬ್ಬರು ಹಾಗೆ ಅಳಿಸಿ, ಅದನ್ನು ಮರಳಿಸಲು ನಾವು ಮೂವರು ಒಂದು ಸಂಜೆ ಕಳೆದೆವು.

ಗಾಂಧಿಬಜಾರ್

ಎಂಜಿನ್ ಯಾವುದಾದರೂ ಆಗಲಿ, ಮೊದಲು ಅದರ ವೇಗದ ಪಟ್ಟಿಯನ್ನು ತೆರೆದು ನೋಡಿ. ಓಎಸ್‌ಆರ್‌ಎಂನ ಕಾರಿನ ಪ್ರೊಫೈಲ್‌ನಲ್ಲಿ ಟ್ರಂಕ್ (ದೊಡ್ಡ ಹೆದ್ದಾರಿ) ರಸ್ತೆಗೆ ಗಂಟೆಗೆ 85 ಕಿಲೋಮೀಟರ್, ಪ್ರೈಮರಿಗೆ (ಪ್ರಮುಖ ರಸ್ತೆ) 65, ಸೆಕೆಂಡರಿಗೆ (ಅದರ ಕೆಳಗಿನ ದರ್ಜೆ) 55 ಎಂದಿದೆ. ಅಷ್ಟಾದರೂ ನಕ್ಕು ಸುಮ್ಮನಾಗಬಹುದು. ಟ್ರಾಫಿಕ್ ಸಿಗ್ನಲ್‌ಗೆ ಅದು ಕೊಡುವ ದಂಡ, ಅಂದರೆ ಸೇರಿಸುವ ಹೆಚ್ಚುವರಿ ಸಮಯ, ಎಷ್ಟು ಗೊತ್ತೇ? 2 ಸೆಕೆಂಡ್. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಎಂಜಿನ್ ಆರಿಸಿ, ನೀರು ಕುಡಿದು, ಮನೆಗೊಂದು ಫೋನ್ ಮಾಡಿ ಮುಗಿಸುವವರಿಗೆ 2 ಸೆಕೆಂಡ್! ಪಟ್ಟಿ ಬರೆದವರನ್ನು ದೂರುವಂತಿಲ್ಲ, ಅವರು ಲೋಕಕ್ಕೆಲ್ಲ ಒಂದು ಆರಂಭದ ಅಂಕಿ ಕೊಟ್ಟಿದ್ದಾರೆ. ಆ ಪಟ್ಟಿ ಇರುವ ಲುವಾ ಭಾಷೆಯ ಕಡತವನ್ನು ಯಾರು ಬೇಕಾದರೂ ತಿದ್ದಿಕೊಳ್ಳಬಹುದು. ಆದರೆ ಸಿಗ್ನಲ್‌ಗೆ 2 ಸೆಕೆಂಡ್ ಎಂದಿರುವವರೆಗೆ ತಂತ್ರಾಂಶ ಸಿಗ್ನಲ್‌ಗಳೇ ತುಂಬಿದ ಮುಖ್ಯರಸ್ತೆಯನ್ನು ಮೆಚ್ಚುತ್ತದೆ, ನಿಮ್ಮ ಚಾಲಕ ಒಳರಸ್ತೆಯನ್ನು ಮೆಚ್ಚುತ್ತಾನೆ, ಮತ್ತು ಚಾಲಕನೇ ಸರಿ. ಉತ್ತರ ಒಂದು ಮಿಲಿಸೆಕೆಂಡಿನಲ್ಲಿ ಬಂದರೂ ಹತ್ತು ಸೆಕೆಂಡಿನಲ್ಲಿ ಬಂದರೂ ತಪ್ಪು ಅಷ್ಟೇ ತಪ್ಪು.

ದಾರಿಹೋಕ

ನಿಜವಾದ ವೇಗ ಬೇಕಾದರೆ ನಿಮ್ಮ 14 ಗಾಡಿಗಳ ಜಿಪಿಎಸ್ ಜಾಡು ಇದೆಯಲ್ಲ, ಅದನ್ನು ಬಳಸಿ. ವಲ್‌ಹಲ್ಲಾದಲ್ಲಿ ಮೈಲಿ ಎಂಬ ಭಾಗ ಇಂಥ ಅಂಕುಡೊಂಕಾದ ಜಾಡನ್ನು ನಕ್ಷೆಯ ರಸ್ತೆಗಳಿಗೆ ಕೂಡಿಸಿ, ಯಾವ ತುಂಡಿನಲ್ಲಿ ಸಾಗಿದಿರಿ ಎಂದು ಹೇಳುತ್ತದೆ. ಹೆಸರು ಕೇಳಿ ನಮ್ಮ ಮೈಲಿಗಲ್ಲು ಎಂದುಕೊಂಡಿದ್ದೆ, ಆಮೇಲೆ ತಿಳಿಯಿತು, ಅಲ್ಲಿನ ಎಲ್ಲ ಭಾಗಗಳಿಗೂ ನಾರ್ಸ್ ಪುರಾಣದ ಹೆಸರುಗಳಂತೆ: ಥಾರ್ ದಾರಿ ಹುಡುಕುತ್ತಾನೆ, ಓಡಿನ್ ಮಾತಿನಲ್ಲಿ ವಿವರಿಸುತ್ತಾನೆ, ಸಿಫ್ ಬೆಲೆ ಕಟ್ಟುತ್ತಾಳೆ. ಗಾಡಿಗಳು ದಿನವೂ ಹೆಚ್ಚುಕಡಿಮೆ ಅದೇ ಬಡಾವಣೆಗಳಲ್ಲಿ ಓಡುವುದರಿಂದ ಕೆಲವು ವಾರಗಳ ಜಾಡು ಸಾಕಾಗಬಹುದು.

ಯಶವಂತಪುರದವ

ಮೂರು ಭಾನುವಾರಗಳ ನಂತರ ಬರೆಯುತ್ತಿದ್ದೇನೆ. ವಲ್‌ಹಲ್ಲಾವನ್ನೇ ಆರಿಸಿಕೊಂಡೆವು. ಕೋಷ್ಟಕದ ಮಿತಿಯನ್ನು 20,000 ಜೋಡಿಗಳಿಗೆ ಏರಿಸಿ, ಅದರ ಮೇಲೆ ಗಾಡಿಗಳ ಕ್ರಮ ಹಾಕಲು ವ್ರೂಮ್ ಕೂರಿಸಿದ್ದೇನೆ. ಅದೂ ಓಪನ್ ಸೋರ್ಸ್, ಅದೇ ಸರ್ವರ್‌ನಲ್ಲೇ ಓಡುತ್ತಿದೆ. ಗೂಡ್ಸ್ ಗಾಡಿಯ ಅಳತೆ ಕಳುಹಿಸಲು ಮೊದಲ ದಿನ ಮರೆತಿದ್ದೆ, ಹೇಳಿದಂತೆಯೇ ಮಲ್ಲೇಶ್ವರದ ಒಂದು ಮನೆಗೆ ವಿಚಿತ್ರವಾಗಿ ಸುತ್ತಿಸಿತು, ಚಾಲಕರು ಇಂದಿಗೂ ಆ ಮಾತೆತ್ತಿ ನಗುತ್ತಾರೆ. ಬೈಕುಗಳಿಗೆ ನೈಸ್ ರಸ್ತೆಯ ರಾತ್ರಿ ನಿಷೇಧವನ್ನು ಸದ್ಯಕ್ಕೆ ಕೈಯಿಂದಲೇ ನಿಭಾಯಿಸುತ್ತಿದ್ದೇವೆ, 5 ಗಂಟೆಗೆ ಮುಂಚೆ ಹೊರಡುವ ಬೈಕಿಗೆ ಆ ಕಡೆಯ ಮನೆಗಳನ್ನೇ ಕೊಡುವುದಿಲ್ಲ.

ಉಳಿದಿರುವುದು ವೇಗದ ಪಟ್ಟಿ. ನಮ್ಮ ಜಾಡುಗಳಲ್ಲಿ ನಸುಕಿನ ತುಮಕೂರು ರಸ್ತೆಯೂ ಬೆಳಿಗ್ಗೆ 9ರ ತುಮಕೂರು ರಸ್ತೆಯೂ ಒಂದೇ ಸರಾಸರಿಯಲ್ಲಿ ಬೆರೆತುಹೋಗಿವೆ. ಅವನ್ನು ಗಂಟೆಗಂಟೆಗೆ ಬೇರ್ಪಡಿಸುವ ಸಣ್ಣ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಇಂಥದ್ದನ್ನು ಈಗಾಗಲೇ ಮಾಡಿರುವವರು ಇದ್ದರೆ, ಒಂದು ರಸ್ತೆಯ ತುಂಡಿಗೆ ಕನಿಷ್ಠ ಎಷ್ಟು ಓಡಾಟಗಳಿದ್ದರೆ ಆ ಗಂಟೆಯ ವೇಗವನ್ನು ನಂಬುತ್ತೀರಿ ಎಂದು ತಿಳಿಸಿ.